ಕಾಡಂಚಿನ ಊರಿಗೆ ಬೇರೆ ದುಡಿಮೆ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮ ಅರಣ್ಯ ಸಮಿತಿಯ ಸಭೆಗಳಲ್ಲಿ, ಸ್ವಸಹಾಯ ಸಂಘದ ಮಹಿಳೆಯರ ಜೊತೆಗಿನ ಮಾತುಕತೆಯಲ್ಲಿ ಕಾಡಿನ ಮೇಲಿನ ಹೊರೆ ಇಳಿಸಲು ಜನರಿಗೆ ಬೇರೆ ದುಡಿಮೆ ಕೊಡುವ ಯೋಜನೆಗಳ ಬಗ್ಗೆ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಕಾಡಂಚಿನ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಪ್ರಶ್ನೆ ಕೇಳಿದವರ ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.

ಜನರಿಗೆ ಬೇರೆ ದುಡಿಮೆ ಸಿಕ್ಕರೆ ಕಾಡು ತಾನಾಗಿ ಉಳಿಯುತ್ತದೆಯೇ?

ತಾನಾಗಿ ಉಳಿಯುವುದಿಲ್ಲ. ಕಾಡಿಗೆ ಪೆಟ್ಟು ಕೊಡುತ್ತಿದ್ದ ಕೆಲಸ ಯಾವುದೋ, ಹೊಸ ದುಡಿಮೆ ಅದೇ ಕೆಲಸದ ಜಾಗಕ್ಕೆ, ಅದೇ ಮನೆಯಲ್ಲಿ, ಅದೇ ಹಂಗಾಮಿನಲ್ಲಿ ಬರಬೇಕು. ಹಾಗಾದಾಗ ಮರ ಉಳಿಯುತ್ತದೆ. ಇಲ್ಲದಿದ್ದರೆ ಮನೆಗೆ ಇನ್ನೊಂದು ಆದಾಯ ಸೇರಿಕೊಳ್ಳುತ್ತದೆ, ಕಾಡಿನ ಕೆಲಸವೂ ಎಂದಿನಂತೆ ನಡೆಯುತ್ತದೆ. ಬಡವರ ಮನೆಗೆ ಆದಾಯ ಸೇರುವುದು ಸಂತೋಷದ ವಿಷಯವೇ. ಅದನ್ನು ಕಾಡು ಉಳಿಸಿದ ಲೆಕ್ಕಕ್ಕೆ ಬರೆದುಕೊಳ್ಳಬಾರದು, ಅಷ್ಟೆ.

ಈ ಬಗ್ಗೆ ಅಧ್ಯಯನಗಳು ಏನು ಹೇಳುತ್ತವೆ?

ಪ್ರಪಂಚದ ಬೇರೆ ಬೇರೆ ಕಡೆ ನಡೆದ ಇಂತಹ ನೂರಕ್ಕೂ ಹೆಚ್ಚು ಯೋಜನೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಪರಿಶೀಲನೆಯೊಂದು 2015ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಜೀವವೈವಿಧ್ಯದ ಮೇಲೆ ಆದ ಪರಿಣಾಮವನ್ನು ಅಳೆದಿದ್ದ ಯೋಜನೆಗಳು ಸುಮಾರು ಐದನೇ ಒಂದು ಭಾಗ ಮಾತ್ರ. ಅಳೆದ ಕಡೆಗಳಲ್ಲೂ ಫಲ ಮಿಶ್ರವಾಗಿತ್ತು. ಎಷ್ಟು ಜನರಿಗೆ ತರಬೇತಿ ಕೊಟ್ಟೆವು, ಎಷ್ಟು ಜೇನುಪೆಟ್ಟಿಗೆ ಹಂಚಿದೆವು ಎಂಬ ಲೆಕ್ಕ ಇಡುವುದು ಸುಲಭ. ಮರ, ಮಂಗ, ಹಕ್ಕಿಗಳ ಲೆಕ್ಕ ಕೆಲವರ ಬಳಿ ಮಾತ್ರ ಇತ್ತು. ನಮ್ಮ ಜಿಲ್ಲೆಯ ಯೋಜನಾ ವರದಿಗಳನ್ನು ಓದಿದವರಿಗೆ ಇದು ಹೊಸ ಸುದ್ದಿಯಲ್ಲ.

ಹೊಲಿಗೆ ಯಂತ್ರ, ಕೋಳಿ, ಹಸು ಕೊಡುತ್ತಾರಲ್ಲ, ಅದು ಯಾಕೆ ಸಾಲದು?

ಹೊಲಿಗೆ ಯಂತ್ರ ಬರುವುದು ಮನೆಯ ಹೆಣ್ಣುಮಗಳಿಗೆ. ಬೆತ್ತ ಕಡಿಯಲು ಹೋಗುವವನು ಅವಳ ಗಂಡ. ಯಂತ್ರ ಬಂತೆಂದು ಅವನ ದಿನಚರಿ ಬದಲಾಗಬೇಕಾದ ಕಾರಣವೇ ಇಲ್ಲ. ಹಸುವಿನ ವಿಷಯ ಇನ್ನೂ ಸೂಕ್ಷ್ಮ: ಮೇವು ಕೊಳ್ಳುವ ಶಕ್ತಿ ಇಲ್ಲದವರಿಗೆ ಎರಡು ಹಸು ಕೊಟ್ಟರೆ ಅವು ಮೇಯುವುದು ಕಾಡಿನಲ್ಲೇ, ಅವಕ್ಕೆ ಹಾಸುವ ಸೊಪ್ಪು ಬರುವುದೂ ಅಲ್ಲಿಂದಲೇ.

ಹಾಗಾದರೆ ನಮ್ಮ ಕಡೆ ಕಾಡಿನ ಮೇಲೆ ನಿಜವಾದ ಹೊರೆ ಯಾವುದರದ್ದು?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸೌದೆ ಎಂದ ಕೂಡಲೇ ತಲೆಹೊರೆ ಹೊತ್ತು ಬರುವ ಬಡ ಹೆಂಗಸಿನ ಚಿತ್ರ ಕಣ್ಣಮುಂದೆ ಬರುತ್ತದೆ, ಯೋಜನೆಗಳೂ ಅವಳನ್ನೇ ಹುಡುಕಿಕೊಂಡು ಬರುತ್ತವೆ. ಅವಳು ತರುವುದು ಹೆಚ್ಚಾಗಿ ಒಣಗಿ ಬಿದ್ದ ಕೊಂಬೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಯಾವುದಾದರೂ ತೋಟದ ಮನೆಯ ಹಿತ್ತಲಿಗೆ ಹೋಗಿ ನೋಡಿ. ರಾತ್ರಿ ಸುಲಿತ ಮುಗಿದ ಅಡಿಕೆ ಬೆಳಿಗ್ಗೆ ಹಂಡೆಗೆ ಬೀಳುತ್ತದೆ. ಚೊಗರು (ಅಡಿಕೆ ಬೇಯಿಸಿದ ಗಟ್ಟಿ ಕೆಂಪು ನೀರು) ಕುದಿಯುವಾಗ ಬೆಂಕಿ ಇಳಿಯುವಂತಿಲ್ಲ, ಆಳೆತ್ತರದ ಸೌದೆ ರಾಶಿ ಕೆಲವೇ ವಾರಗಳಲ್ಲಿ ಕರಗುತ್ತದೆ. ಕೆಂಪಡಿಕೆ ಮಾಡುವ ಮಲೆನಾಡಿನಲ್ಲಿ ಇದು ಪ್ರತಿ ವರ್ಷದ ನೋಟ. ಜೊತೆಗೆ ಬಚ್ಚಲಿನ ಹಂಡೆ ಇದೆ. ಮಳೆಗಾಲದ ನಾಲ್ಕು ತಿಂಗಳು ಅದರ ಒಲೆ ಆರುವುದೇ ಅಪರೂಪ.

ಸೊಪ್ಪಿನ ಕಥೆಯೂ ಹೀಗೆಯೇ. ತೋಟಕ್ಕೆ ಹಾಕುವ ಸೊಪ್ಪಿಗಾಗಿ ಹಿಂದಿನವರು ಸೊಪ್ಪಿನ ಬೆಟ್ಟ ಎಂದು ಬೇರೆ ಜಾಗ ಇಟ್ಟುಕೊಂಡಿದ್ದರು. ಬೆಟ್ಟದ ಮರವನ್ನು ಬುಡ ಉಳಿಸಿ ಸವರುತ್ತಿದ್ದರು, ವರ್ಷ ಬಿಟ್ಟು ವರ್ಷ ಮರಕ್ಕೆ ವಿಶ್ರಾಂತಿ ಕೊಡುವ ಮನೆಗಳೂ ಇದ್ದವು. ಅಡಿಕೆಗೆ ಬೆಲೆ ಬಂದ ಮೇಲೆ ತೋಟ ಗದ್ದೆಗೆ ಇಳಿಯಿತು, ಗುಡ್ಡಕ್ಕೂ ಹತ್ತಿತು. ಬೆಟ್ಟ ಮಾತ್ರ ಅಷ್ಟೇ ಉಳಿಯಿತು. ಈಗ ಅಷ್ಟೇ ಬೆಟ್ಟದಿಂದ ದೊಡ್ಡ ತೋಟಕ್ಕೆ ಸೊಪ್ಪು ಬರಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಇದು: ಮಲೆನಾಡಿನಲ್ಲಿ ಕಾಡಿನ ಹೊರೆ ಇಳಿಸಬೇಕೆಂದರೆ ಮೊದಲು ಮಾತನಾಡಬೇಕಾದದ್ದು ತೋಟ ಇದ್ದವರ ಜೊತೆ. ಅಡಿಕೆ ಬೇಯಿಸಲು ಸೌದೆ ಉಳಿಸುವ ಒಲೆ, ಒಣ ಅಡಿಕೆ ಸಿಪ್ಪೆ ಮತ್ತು ಸೋಗೆಯನ್ನು ಉರುವಲಾಗಿ ಬಳಸುವ ರೂಢಿ, ಬಚ್ಚಲಿಗೆ ಸೌರ ಹೀಟರ್, ನಾಲ್ಕಾರು ಮನೆ ಕೂಡಿ ನಡೆಸುವ ಬೇಯಿಸುವ ಘಟಕ, ಇವೆಲ್ಲ ಆಗುವಂಥವು. ಬಡವರಿಗೆ ಕೊಡುವ ಯೋಜನೆಯಷ್ಟು ಇವುಗಳ ಫೋಟೊ ಚೆನ್ನಾಗಿ ಬರುವುದಿಲ್ಲ. ಆದರೂ ಸೌದೆ ಉಳಿಯುವುದು ಇಲ್ಲಿಯೇ.

ಗ್ಯಾಸ್ ಸಿಲಿಂಡರ್ ಬಂದ ಮೇಲೆ ಸೌದೆ ಬೇಡಿಕೆ ಇಳಿಯಿತಲ್ಲವೇ?

ಅಡುಗೆಮನೆಯಲ್ಲಿ ಇಳಿದಿದೆ. ಗೋಬರ್ ಗ್ಯಾಸ್ ಮಲೆನಾಡಿನಲ್ಲಿ ಬಹಳ ಹಿಂದೆಯೇ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ಹೊಗೆಯನ್ನೂ ಸೌದೆಯನ್ನೂ ಕಡಿಮೆ ಮಾಡಿತು. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯಿಂದ ಬಡ ಮನೆಗೂ ಸಿಲಿಂಡರ್ ತಲುಪಿತು. ಮರುಭರ್ತಿಯ ಬೆಲೆ ಏರಿದಾಗ ಅದೇ ಮನೆಗಳು ಮತ್ತೆ ಒಲೆ ಹೊತ್ತಿಸುತ್ತವೆ. ಬಚ್ಚಲಿಗೂ ಅಡಿಕೆ ಹಂಡೆಗೂ ಗ್ಯಾಸ್ ಹಚ್ಚುವವರು ಅಪರೂಪ. ಅಡುಗೆಮನೆಯ ಹೊಗೆ ಹೋದದ್ದು ಹೆಣ್ಣುಮಕ್ಕಳ ಆರೋಗ್ಯಕ್ಕೆ ದೊಡ್ಡ ಉಪಕಾರ. ಅದೊಂದೇ ಕಾರಣಕ್ಕೆ ಇದು ಮಾಡಲೇಬೇಕಾಗಿದ್ದ ಕೆಲಸ.

ಉಪ್ಪಾಗೆ ಸಂಗ್ರಹದಿಂದ ಒಳ್ಳೆಯ ಆದಾಯ ಇದೆ. ಇದನ್ನು ಪ್ರೋತ್ಸಾಹಿಸಬಹುದೇ?

ಉಪ್ಪಾಗೆಯ ಅನುಭವವನ್ನು ಪ್ರತಿ ಊರೂ ತಿಳಿದಿರಬೇಕು. ಈ ಹುಳಿಹಣ್ಣಿನ ಸಿಪ್ಪೆಯಲ್ಲಿರುವ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಪ್ರಚಾರದಿಂದ 1990ರ ದಶಕದಲ್ಲಿ ಹೊರದೇಶದ ಬೇಡಿಕೆ ಏಕಾಏಕಿ ಏರಿತು. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನ ಮನೆಗಳಿಗೆ ಅಷ್ಟು ದುಡ್ಡು ಕಾಡಿನಿಂದ ಹಿಂದೆಂದೂ ಬಂದಿರಲಿಲ್ಲ. ಮರ ಯಾರದ್ದೂ ಅಲ್ಲ, ಸಂಗ್ರಹದ ಗುತ್ತಿಗೆ ಹೊರಗಿನವರದ್ದು. ಇವತ್ತು ನಾನು ಬಿಟ್ಟರೆ ನಾಳೆ ಇನ್ನೊಬ್ಬ ಕೀಳುತ್ತಾನೆ ಎಂಬ ಭಯದಲ್ಲಿ ಹಣ್ಣಾಗುವ ಮೊದಲೇ ಕಾಯಿ ಕಿತ್ತರು, ಹತ್ತಲಾಗದ ಕೊಂಬೆಯನ್ನು ಕಡಿದು ಕೆಡವಿದರು. ಹಣ್ಣಾಗುವುದು ಮಳೆಗಾಲದಲ್ಲಿ, ಬಿಸಿಲಿಗೆ ಒಣಗುವಂಥದ್ದಲ್ಲ. ಹಾಗಾಗಿ ಸಿಪ್ಪೆ ಒಣಗಿಸಲು ಹಗಲೂ ರಾತ್ರಿ ಬೆಂಕಿ ಉರಿಯಿತು, ಅದಕ್ಕೂ ಕಾಡಿನದ್ದೇ ಸೌದೆ. ಪಶ್ಚಿಮ ಘಟ್ಟದ ಅಪರೂಪದ ಮಂಗ ಸಿಂಗಳೀಕ ತಿನ್ನುವ ಹಣ್ಣು ಇದು ಎಂಬುದು ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಪ್ರಯೋಗದ ವರದಿ, ಇದರಿಂದ ತೂಕ ಇಳಿಯುವುದು ಕಂಡುಬಂದಿಲ್ಲ ಎಂದಿತು. ಬೇಡಿಕೆ ಆಮೇಲೂ ಏರಿಳಿಯುತ್ತಲೇ ಇದೆ.

ಆ ದಿನಗಳಲ್ಲೇ ಕೆಲವು ಊರಿನವರು ದಾರಿ ಕಂಡುಕೊಂಡರು. ಕಡಿಮೆ ಸೌದೆಯ ಡ್ರೈಯರ್ ಬಂದಿತು. ತಂತಾನೇ ಉದುರಿದ ಹಣ್ಣನ್ನು ಮಾತ್ರ ಹೆಕ್ಕುವುದು, ಬೀಜವನ್ನು ಕಾಡಿಗೆ ಮರಳಿಸುವುದು, ತೋಟದ ಅಂಚಿನಲ್ಲಿ ಕಸಿ ಗಿಡ ನೆಡುವುದು ಶುರುವಾಯಿತು. ಇವು ನಡೆದದ್ದು ಮರಗಳು ಯಾವ ಮನೆಯ ಪಾಲಿಗೆ ಎಂಬ ಒಪ್ಪಂದ ಇದ್ದ ಕಡೆ. ಬೆಲೆ ಏರಿದ್ದಷ್ಟಕ್ಕೇ ಯಾವ ಮರವೂ ಉಳಿಯಲಿಲ್ಲ. ನಾಳೆಯೂ ಈ ಮರ ನನ್ನದೇ ಎಂಬ ಭರವಸೆ ಇದ್ದವನು ಹಣ್ಣಾಗುವವರೆಗೆ ಕಾದ.

ರಾಮಪತ್ರೆ, ದಾಲ್ಚಿನ್ನಿ ಮೊಗ್ಗು, ಸಾಲುಧೂಪದ ಮಡ್ಡಿ, ಹೀಗೆ ಕಾಡಿನಿಂದ ತಂದು ಮಾರುವ ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಅಪ್ಪೆಮಿಡಿ?

ಹೊಳೆದಂಡೆಯ ಹಳೆಯ ಮಾವಿನ ಮರಗಳು ಉಪ್ಪಿನಕಾಯಿಯ ಮಿಡಿಗಾಗಿ ಕೊಂಬೆ ಕಳೆದುಕೊಂಡದ್ದು ಎಲ್ಲರಿಗೂ ಗೊತ್ತು. ಎತ್ತರದ ಮರ ಹತ್ತುವ ಬದಲು ಗೆಲ್ಲು ಕಡಿದು ಬೀಳಿಸಿದರೆ ಅರ್ಧ ದಿನದ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ, ಮಿಡಿ ಸಿಗುವ ದಿನಗಳೂ ಕೆಲವೇ. ಇಲ್ಲಿ ಮಲೆನಾಡಿನ ರೈತರೇ ದಾರಿ ತೋರಿದ್ದಾರೆ. ಜೀರಿಗೆ ಪರಿಮಳದ್ದು, ಸೊನೆ ಹೆಚ್ಚಿರುವುದು, ವರ್ಷಗಟ್ಟಲೆ ಕೆಡದ್ದು ಎಂದು ಗುರುತಿಸಿ, ಮೂಲ ಮರದಿಂದ ಕಡ್ಡಿ ತಂದು ಹಿತ್ತಲಿನಲ್ಲಿ ಕಸಿ ಕಟ್ಟಿದರು. ಸಾಗರ, ಹೊಸನಗರ, ರಿಪ್ಪನ್‌ಪೇಟೆ ಕಡೆ ಹೀಗೆ ಹತ್ತಾರು ತಳಿ ಮನೆಯಂಗಳದಲ್ಲಿ ಉಳಿದಿವೆ. ಹೊಳೆಯಂಚಿನ ತಾಯಿಮರ ಬಿದ್ದುಹೋದ ತಳಿಯೂ ಹಿತ್ತಲಲ್ಲಿ ಮಿಡಿ ಬಿಡುತ್ತದೆ. ದುಡಿಮೆಯೂ ತಳಿಯೂ ಒಟ್ಟಿಗೆ ಉಳಿದ ಉದಾಹರಣೆ ಕೇಳಿದರೆ ನಾನು ಮೊದಲು ಹೇಳುವುದು ಇದನ್ನು.

ಜೇನು ಸಾಕಣೆ ಒಳ್ಳೆಯದಲ್ಲವೇ?

ಒಳ್ಳೆಯದು. ತುಡುವೆ ಜೇನು ಸಾಕುವವನಿಗೆ ನೇರಳೆ, ಅಂಟುವಾಳ ಹೂ ಬಿಡುವ ಕಾಡು ಬೇಕೇ ಬೇಕು, ಹಾಗಾಗಿ ಕಾಡು ಉಳಿಯಲಿ ಎಂಬ ಆಸೆ ಅವನಲ್ಲಿ ಹುಟ್ಟುತ್ತದೆ. ತೋಟದಲ್ಲಿ ಕೀಟನಾಶಕ ಹೊಡೆಯಲು ಅವನು ಎರಡು ಸಲ ಯೋಚಿಸುತ್ತಾನೆ.

ಎರಡು ಎಚ್ಚರಿಕೆ ಮಾತ್ರ ಹೇಳಬೇಕು. ಪೆಟ್ಟಿಗೆ ಹಂಚುವ ಯೋಜನೆ ಬಂದಾಗ ಜೇನು ಕುಟುಂಬ ಎಲ್ಲಿಂದ ಬರುತ್ತದೆ ಎಂದು ಕೇಳಿ. ಎಷ್ಟೋ ಸಲ ಕಾಡಿನ ಪೊಟರೆ ಒಡೆದು ತಂದು ತುಂಬುತ್ತಾರೆ. ಪೊಟರೆ ಒಡೆದ ಮರದಲ್ಲಿ ಮುಂದಿನ ವರ್ಷ ಜೇನೂ ಇಲ್ಲ, ಗೂಡು ಮಾಡುವ ಹಕ್ಕಿಯೂ ಇಲ್ಲ. ಸಾಕಿದ ಕುಟುಂಬವನ್ನೇ ಪಾಲು ಮಾಡಿ ಹೆಚ್ಚಿಸುವುದನ್ನು ಕಲಿಸಬೇಕು. ಎರಡನೆಯದು ರೋಗ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ನಾಶ ಮಾಡಿತು. ಜೇನನ್ನೇ ನಂಬಿದ್ದವರ ಪೆಟ್ಟಿಗೆಗಳು ಬರಿದಾಗಿ ಅಟ್ಟ ಸೇರಿದವು. ಒಂದೇ ಕಸುಬಿನ ಮೇಲೆ ಊರನ್ನು ನಿಲ್ಲಿಸಿದರೆ ಆ ಕಸುಬು ಬಿದ್ದ ದಿನ ಜನ ಮತ್ತೆ ಕಾಡಿಗೇ ಹೋಗುತ್ತಾರೆ.

ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕದಿಂದ ಲಾಭ ಇದೆಯೇ?

ಉದುರಿದ ಹಾಳೆ ಅದು, ಕಾಡಿಗೆ ತೊಂದರೆ ಇಲ್ಲ. ಕಾಡಿಗೆ ನೇರ ಲಾಭವೂ ಇಲ್ಲ. ಉದ್ಯೋಗವಾಗಿ ಒಳ್ಳೆಯದು, ಆದರೆ ಮಾರುಕಟ್ಟೆ ದೂರದ್ದು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆಯ ಸುರಕ್ಷತೆಯನ್ನು ಪ್ರಶ್ನಿಸಿದಾಗ ರಫ್ತಿಗೆ ಏಟು ಬಿತ್ತು. ಸ್ಥಳೀಯ ಮದುವೆ, ಜಾತ್ರೆಗಳಿಗೆ ಮಾರುವ ಘಟಕಕ್ಕೆ ಆ ಅಪಾಯ ಕಡಿಮೆ.

ಹೋಂಸ್ಟೇ, ಜೀಪ್, ಚಾರಣ. ಇವುಗಳಿಂದ ಊರಿನ ಹುಡುಗರು ಊರಲ್ಲೇ ಉಳಿದಿದ್ದಾರೆ. ಇದಕ್ಕೂ ಆಕ್ಷೇಪವೇ?

ಹುಡುಗರು ಊರಲ್ಲಿ ಉಳಿದದ್ದಕ್ಕೆ ಆಕ್ಷೇಪ ಇಲ್ಲ. ಆಗುಂಬೆಯಲ್ಲಿ ಕಾಳಿಂಗ ಸರ್ಪ ಕಂಡರೆ ಕೊಲ್ಲದೆ ಹಿಡಿಯುವವರನ್ನು ಕರೆಯುವ ರೂಢಿ ಇದೆ. ಅಲ್ಲಿ 2005ರಲ್ಲಿ ಶುರುವಾದ ಮಳೆಕಾಡು ಸಂಶೋಧನಾ ಕೇಂದ್ರದ ಕೆಲಸವೂ, ಕಾಳಿಂಗವನ್ನು ಹಿಂದಿನಿಂದ ಗೌರವಿಸಿದ ಊರಿನವರ ಮನಸ್ಸೂ ಅದರ ಹಿಂದಿವೆ. ಕಾಡನ್ನು ನೋಡಲು ಬರುವವರಿಂದ ಊಟ ಸಿಗುವುದಾದರೆ ಕಾಡು ಬೇಕೆನಿಸುತ್ತದೆ ಎಂಬುದೂ ನಿಜ.

ಕೊಡಚಾದ್ರಿಯ ದಾರಿಯನ್ನು ವಾರಾಂತ್ಯದಲ್ಲಿ ಒಮ್ಮೆ ನೋಡಿ. ಒಂದರ ಹಿಂದೊಂದು ಏರುವ ಜೀಪ್‌ಗಳು, ಕೊರೆದುಹೋದ ಮಣ್ಣು, ಚರಂಡಿಗೆ ಸೇರಿದ ಪ್ಲಾಸ್ಟಿಕ್ ಬಾಟಲಿ. ಆ ಜೀಪ್ ಓಡಿಸುವವರೆಲ್ಲ ಸ್ಥಳೀಯರೇ, ಸಾಲ ಮಾಡಿ ವಾಹನ ಕೊಂಡವರು. ದಿನಕ್ಕೆ ಇಷ್ಟೇ ಜೀಪ್ ಎಂಬ ಮಿತಿ ಬಂದರೆ ಕಂತು ಕಟ್ಟುವುದು ಹೇಗೆ ಎಂಬ ಅವರ ಚಿಂತೆ ನ್ಯಾಯವಾದದ್ದು. ಅದಕ್ಕೇ ಮಿತಿಯನ್ನು ದುಡಿಮೆ ಶುರುವಾಗುವ ಮೊದಲೇ ಹಾಕಬೇಕು. ಸರದಿ ಪದ್ಧತಿ, ಪ್ರತಿ ಪ್ರವಾಸದಿಂದ ಗ್ರಾಮ ಅರಣ್ಯ ಸಮಿತಿಗೆ ಒಂದು ಪಾಲು, ಮಳೆಗಾಲದಲ್ಲಿ ರಜೆ ಎಂಬ ಶರತ್ತುಗಳನ್ನು ಆರಂಭದಲ್ಲಿ ಎಲ್ಲರೂ ಒಪ್ಪುತ್ತಾರೆ, ಸಾಲ ಮಾಡಿದ ಮೇಲೆ ಒಪ್ಪಿಸುವುದು ಬಹಳ ಕಷ್ಟ.

ಬೇಟೆ ನಿಲ್ಲಿಸಲು ಯಾವ ದುಡಿಮೆ ಕೊಡಬೇಕು?

ಮಲೆನಾಡಿನ ಬೇಟೆಯಲ್ಲಿ ಹೊಟ್ಟೆಪಾಡಿನ ಪಾಲು ಸಣ್ಣದು. ಹಂದಿ ಮಾಂಸದ ರುಚಿ, ಗೆಳೆಯರ ಗುಂಪು, ಕೋವಿಯ ಹೆಮ್ಮೆ, ಗದ್ದೆಗೆ ನುಗ್ಗಿದ ಪ್ರಾಣಿಯ ಮೇಲಿನ ಸಿಟ್ಟು, ಇವೇ ಕಾರಣಗಳು. ಚೆನ್ನಾಗಿ ತೋಟ ಇರುವವರೂ ಹೋಗುತ್ತಾರೆ. ಆದಾಯ ಕೊಟ್ಟು ಇದನ್ನು ನಿಲ್ಲಿಸಲಾಗದು. ಬೆಳೆ ನಷ್ಟಕ್ಕೆ ಬೇಗ ಪರಿಹಾರ, ಕಾನೂನಿನ ಭಯ ಮತ್ತು ಊರಿನ ಹಿರಿಯರ ನಿಷ್ಠುರ ಬೇಕು.

ಕಳ್ಳತನವೇ ಹೊಟ್ಟೆಪಾಡಾಗಿದ್ದ ಕಡೆ ಕಥೆ ಬೇರೆ. ಕೇರಳದ ವನ್ಯಧಾಮ ಪೆರಿಯಾರ್‌ನಲ್ಲಿ ದಾಲ್ಚಿನ್ನಿ ತೊಗಟೆ ಕದಿಯುತ್ತಿದ್ದವರನ್ನು 1990ರ ದಶಕದ ಕೊನೆಯಲ್ಲಿ ಅರಣ್ಯ ಇಲಾಖೆ ಮಾರ್ಗದರ್ಶಕರನ್ನಾಗಿ, ಕಾವಲುಗಾರರನ್ನಾಗಿ ಮಾಡಿಕೊಂಡಿತು. ಕದಿಯುವ ದಾರಿಗಳೆಲ್ಲ ಗೊತ್ತಿದ್ದವರು ಅದೇ ದಾರಿಗಳನ್ನು ಕಾದರು. ಹಳೆಯ ಕೆಲಸದ ಜಾಗಕ್ಕೆ ಹೊಸ ಕೆಲಸ ಸರಿಯಾಗಿ ಕೂತದ್ದು ಹೀಗೆ.

ಕಾಡಿಗೆ ಹೋಗುವುದು ಕಡಿಮೆಯಾದರೆ ನಮಗೇನು ಲಾಭ?

ಜೀವ ಉಳಿಯುತ್ತದೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಆದ ಸಾವುಗಳನ್ನು ಯಾರೂ ಮರೆತಿಲ್ಲ. ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಹೆಚ್ಚುವ ಬೇಸಿಗೆ ತಿಂಗಳುಗಳಲ್ಲೇ ದರಕು (ಒಣ ಎಲೆ) ಗುಡಿಸುವ, ಒಣ ಸೌದೆ ತರುವ ಕೆಲಸ ಇರುವುದು. ಆ ತಿಂಗಳುಗಳಲ್ಲಿ ಕೂಲಿಯವರಿಗೆ ಊರೊಳಗೇ ಕೆಲಸ ಸಿಗುವಂತೆ ಉದ್ಯೋಗ ಖಾತ್ರಿಯ ಕಾಮಗಾರಿಗಳನ್ನು ಹೊಂದಿಸಬಹುದು. ಒಂದು ಪಂಚಾಯಿತಿ ಮನಸ್ಸು ಮಾಡಿದರೆ ಆಗುವ ಕೆಲಸ ಇದು. ಇದಕ್ಕಿಂತ ತುರ್ತಾದದ್ದು ಈ ಇಡೀ ಪಟ್ಟಿಯಲ್ಲಿ ನನಗೆ ಬೇರೆ ಕಾಣುವುದಿಲ್ಲ.

ಅಕೇಶಿಯಾ ನೆಟ್ಟದ್ದೂ ಕಾಡು ಉಳಿಸಲಿಕ್ಕೇ ಅಲ್ಲವೇ?

ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಹಾಗೆಯೇ ಹೇಳಿದ್ದರು: ಊರ ಹತ್ತಿರ ಸೌದೆ ಬೆಳೆದರೆ ದೊಡ್ಡ ಕಾಡಿನ ತಂಟೆಗೆ ಜನ ಹೋಗುವುದಿಲ್ಲ. ಅಕೇಶಿಯಾ ಒಳ್ಳೆಯ ಉರುವಲು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ನೆಟ್ಟ ಜಾಗ ಖಾಲಿ ಜಾಗವಾಗಿರಲಿಲ್ಲ. ಹುಲ್ಲುಗಾವಲು, ಗೋಮಾಳ, ಕುರುಚಲು ಕಾಡು ಹೋಗಿ ಒಂದೇ ಜಾತಿಯ ಮರ ನಿಂತಿತು. ಭದ್ರಾವತಿಯ ಕಾಗದ ಕಾರ್ಖಾನೆಗೆಂದು 1980ರಲ್ಲಿ ಗುತ್ತಿಗೆಗೆ ಕೊಟ್ಟ ಅರಣ್ಯ ಭೂಮಿಯ 40 ವರ್ಷದ ಅವಧಿ 2020ರಲ್ಲಿ ಮುಗಿದಾಗ, ಅದನ್ನು ಸಹಜ ಕಾಡಾಗಲು ಬಿಡಿ ಎಂದು ಮಲೆನಾಡಿನ ಜನ ದನಿಯೆತ್ತಿದ್ದು ಇದಕ್ಕಾಗಿಯೇ.

ಹಕ್ಕುಪತ್ರಕ್ಕೂ ಜೀವವೈವಿಧ್ಯಕ್ಕೂ ಏನು ಸಂಬಂಧ?

ಸೊರಬದ ಕಾನುಗಳನ್ನು, ಅಂದರೆ ಊರಿನವರು ಕಾಯ್ದುಕೊಂಡಿದ್ದ ದಟ್ಟ ಕಾಡುಗಳನ್ನು, ನೆನಪಿಸಿಕೊಳ್ಳಿ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಆ ತಾಲ್ಲೂಕಿನ ಕಾನುಗಳ ಬಗ್ಗೆ ಬರೆದಿಟ್ಟರು. ಜನ ಅಲ್ಲಿ ಮೆಣಸು ಬೆಳೆಯುತ್ತಿದ್ದರು, ಬೈನೆ ಮರದ ಹೆಂಡ ಇಳಿಸುತ್ತಿದ್ದರು, ದೇವರನ್ನೂ ಇಟ್ಟಿದ್ದರು. ಕಾನು ಅವರ ದುಡಿಮೆಯ ಜಾಗವಾಗಿತ್ತು, ಕಡಿಯಬಾರದ ಜಾಗವೂ ಆಗಿತ್ತು. ಆ ಹಕ್ಕು ಕೈತಪ್ಪಿದ ಮೇಲೆ ಕಾಯುವವರಿಲ್ಲದೆ ಕಾನುಗಳು ಕರಗಿದವು.

2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯಕ್ಕೆ ಕಾಡನ್ನು ನಿರ್ವಹಿಸುವ ಹಕ್ಕನ್ನೂ ಕೊಡುತ್ತದೆ, ಬಿದಿರನ್ನು ಕಿರು ಅರಣ್ಯ ಉತ್ಪನ್ನ ಎಂದು ಒಪ್ಪುತ್ತದೆ. ಬುಟ್ಟಿ ಹೆಣೆಯುವ ಮೇದಾರರಿಗೆ ಇದು ದೊಡ್ಡ ವಿಷಯ. ನಮ್ಮಲ್ಲಿ ಚರ್ಚೆ ಮಾತ್ರ ಒಬ್ಬೊಬ್ಬರ ಒತ್ತುವರಿ ಜಾಗದ ಪತ್ರದ ಸುತ್ತಲೇ ನಿಂತಿದೆ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷ್ಯ ತೋರಿಸಬೇಕೆಂಬ ನಿಯಮ ಇಲ್ಲಿಯವರಿಗೆ ದೊಡ್ಡ ತೊಡಕು. ಸಮುದಾಯ ಹಕ್ಕಿನ ಅರ್ಜಿಯನ್ನೂ ಗ್ರಾಮಸಭೆಯಲ್ಲಿ ಎತ್ತಬೇಕು ಎಂಬುದು ನನ್ನ ವಿನಂತಿ.

ಜನರನ್ನು ಕಾಡಿನಿಂದ ಹೊರಗೆ ಕಳಿಸಿ ಬೇರೆ ಬದುಕು ಕಟ್ಟಿಕೊಡುವುದೇ ಸುಲಭವಲ್ಲವೇ?

ಸುಲಭ ಎಂದವರು ಶರಾವತಿ ಮುಳುಗಡೆಯವರನ್ನು ಕಂಡಿಲ್ಲ. ಶರಾವತಿ ಹೊಳೆಯ ಲಿಂಗನಮಕ್ಕಿ ಆಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಹಿನ್ನೀರಿನಲ್ಲಿ ಊರು ಮುಳುಗಿ ಎದ್ದು ಬಂದ ಕುಟುಂಬಗಳು ಎರಡು ತಲೆಮಾರು ಕಳೆದ ಮೇಲೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿವೆ. ಭದ್ರಾ ಅಭಯಾರಣ್ಯದಿಂದ 2001–02ರ ಹೊತ್ತಿಗೆ ಹೊರಬಂದ ನಾನೂರಕ್ಕೂ ಹೆಚ್ಚು ಕುಟುಂಬಗಳಿಗೆ ಎಂ.ಸಿ. ಹಳ್ಳಿ ಮತ್ತು ಕೆಳಗೂರಿನಲ್ಲಿ ಜಮೀನು, ಮನೆ ಸಿಕ್ಕವು. ಅಲ್ಲಿ ಮೊದಲು ಮಾತುಕತೆ ನಡೆಯಿತು, ಎದುರಿಗೆ ಜಮೀನು ಇತ್ತು. ದೇಶದಲ್ಲಿ ಚೆನ್ನಾಗಿ ನಡೆದ ಸ್ಥಳಾಂತರ ಎಂದು ಅದನ್ನು ಹೆಸರಿಸುತ್ತಾರೆ. ಜನ ತಾವಾಗಿ ಕೇಳಿದಾಗ ಹೀಗೆ ಮಾಡಬಹುದು. ಒತ್ತಾಯಕ್ಕೆ ಇದು ಸಮರ್ಥನೆಯಾಗಬಾರದು.

ದೊಡ್ಡ ಯೋಜನೆಗಳಿಗೆ ಕಾಡು ಕೊಡುತ್ತಾರೆ, ನಮಗೆ ಮಾತ್ರ ಸೌದೆ ಬೇಡ ಎನ್ನುತ್ತಾರೆ. ಇದು ನ್ಯಾಯವೇ?

ನ್ಯಾಯವಲ್ಲ. ಸಿಂಗಳೀಕ ಅಭಯಾರಣ್ಯದ ನಡುವೆಯೇ 2000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆ ಮುಂದಿಟ್ಟು, ಪಕ್ಕದ ಊರಿನವರಿಗೆ ತಲೆಹೊರೆ ಬಿಡಿ ಎಂದರೆ ಅವರು ನಂಬುವುದಾದರೂ ಯಾರನ್ನು? ಈ ಪ್ರಶ್ನೆ ಸಭೆಯಲ್ಲಿ ಬಂದಾಗ ಅಧಿಕಾರಿಗಳು ಮಾತು ಬದಲಿಸಬಾರದು. ಪರ್ಯಾಯ ದುಡಿಮೆಯ ಯೋಜನೆ ದೊಡ್ಡ ಹಾನಿಗೆ ಪರಿಹಾರವೂ ಅಲ್ಲ, ಅದರ ಬದಲಿಯೂ ಅಲ್ಲ.

ನಮ್ಮ ಊರಿನಲ್ಲಿ ಶುರು ಮಾಡಬೇಕೆಂದರೆ ಎಲ್ಲಿಂದ?

ದುಡ್ಡು ಬರುವ ಮೊದಲೇ ಲೆಕ್ಕದಿಂದ. ಕೊಯ್ಲಿನ ಕಾಲದ ಒಂದು ವಾರ, ಊರ ದಾರಿಯಲ್ಲಿ ಎಷ್ಟು ತಲೆಹೊರೆ, ಎಷ್ಟು ಗಾಡಿ ಸೌದೆ ಬಂತೆಂದು ಶಾಲೆಯ ಮಕ್ಕಳೇ ಎಣಿಸಬಹುದು. ಗುರುತು ಹಾಕಿದ ಇಪ್ಪತ್ತು ಉಪ್ಪಾಗೆ ಮರಗಳ ಬುಡದಲ್ಲಿ ಸಸಿ ಎಷ್ಟು, ಕಡಿದ ಕೊಂಬೆ ಎಷ್ಟು ಎಂದು ಬರೆದಿಡಿ. ಯೋಜನೆ ಇಲ್ಲದ ಪಕ್ಕದ ಊರಿನಲ್ಲೂ ಅದನ್ನೇ ಮಾಡಿಸಿ. ಇಲ್ಲದಿದ್ದರೆ ಮಳೆ, ಬೆಲೆಗಳಿಂದಾದ ಬದಲಾವಣೆ ಯಾವುದು, ಯೋಜನೆಯಿಂದಾದದ್ದು ಯಾವುದು ಎಂದು ತಿಳಿಯುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಈ ಲೆಕ್ಕದ ಪುಸ್ತಕ ಇಡಬೇಕಾದ್ದು ಅದರ ಬಳಿಯೇ. ಆಮೇಲೆ ಯಾವ ಮನೆ ಏನನ್ನು, ಯಾವ ತಿಂಗಳು, ಯಾಕೆ ತರುತ್ತದೆ ಎಂದು ಕೇಳಿ, ಆ ಮನೆಯವರೇ ಹೇಳಿದ ಬದಲಿಯನ್ನು ಮೊದಲು ಪ್ರಯತ್ನಿಸಿ. ಮೂರು ವರ್ಷ ಬಿಟ್ಟು ಅದೇ ವಾರ, ಅದೇ ದಾರಿಯಲ್ಲಿ, ಅದೇ ಮರಗಳ ಕೆಳಗೆ ಮತ್ತೆ ಎಣಿಸಿ. ಎರಡೂ ಸಲದ ಅಂಕಿಗಳನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಿ.